ಮನೆಯಲ್ಲಿ ಕಟ್ಟುವ ಬಂದೂಕು, ಅಪರಿಚಿತರು ಕೊಡುವ ಸಲಹೆ



ಈ ಸಲದ ಪ್ರಚಲಿತ ವಿದ್ಯಮಾನಕ್ಕೆ ಗಡಿಭಾಗದ ಕನ್ನಡ ಶಾಲೆಗಳ ಶಿಕ್ಷಕರ ವಿಷಯ ಬರೆಯುವುದೆಂದು ಇಟ್ಟುಕೊಂಡಿದ್ದೆ. ಅದನ್ನು ಮುಂದಿನ ಸಲಕ್ಕೆ ತಳ್ಳಿದ್ದೇನೆ, ಮನ್ನಿಸಬೇಕು. ತಾಳವಾಡಿ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಸಂಜೆ ಫೋನ್ ಮಾಡಿದರು. ಅವರ ಮೊಮ್ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿ ಅಂಗಡಿಗೆ ಹೋಗದೆ ಬಿಡಿಭಾಗ ತರಿಸಿಕೊಂಡು ಬಂದೂಕನ್ನು ಮನೆಯಲ್ಲೇ ಜೋಡಿಸುವ ಹವ್ಯಾಸವಿದೆಯಂತೆ, ಅದು ಕಾನೂನುಬದ್ಧವಂತೆ, ಆ ಹವ್ಯಾಸದವರು ಬಹಳ ಒಳ್ಳೆಯವರಂತೆ, ಏನು ಕೇಳಿದರೂ ಬೇಸರಿಸದೆ ಹೇಳಿಕೊಡುತ್ತಾರಂತೆ. ಹುಡುಗ ಒಂದು ಕಿಟ್ಟಿನ ಬೆಲೆಯನ್ನೂ ವಿಚಾರಿಸಿ ಇಟ್ಟಿದ್ದಾನೆ. "ಇದು ಸರಿಯೇನ್ರೀ ಕಾರ್ಯದರ್ಶಿಗಳೇ?" ಎಂದು ಅಜ್ಜನ ಪ್ರಶ್ನೆ. ಗುಮಾಸ್ತನಾಗಿದ್ದವನಿಗೆ ಎಲ್ಲ ದೇಶದ ಕಾಯಿದೆಯೂ ಗೊತ್ತಿರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಎರಡು ವಾರ ಕೂತು ಓದಿದೆ. ಓದಿದ್ದನ್ನು ಎಲ್ಲರ ಮುಂದೆ ಇಡುವುದು ಒಳ್ಳೆಯದೆನಿಸಿತು. ಏಕೆಂದರೆ ಹೊಸೂರು, ಸೊಲ್ಲಾಪುರ, ಆದೋನಿ, ಕಾಸರಗೋಡು, ಎಲ್ಲ ಕಡೆಯ ನಮ್ಮ ಮನೆಗಳಿಂದಲೂ ಮಕ್ಕಳು ಆ ದೇಶಕ್ಕೆ ಹೋಗಿದ್ದಾರೆ.

ಮೊದಲು, ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆ ವ್ಯಾಪಾರಕ್ಕಾಗಿ ಬಂದೂಕು ಮಾಡುವವರಿಗೆ, ಮಾರುವವರಿಗೆ ಲೈಸೆನ್ಸ್ ಬೇಕೆಂದಿತು. ತನ್ನ ಸ್ವಂತಕ್ಕೆ ತಾನೇ ಮಾಡಿಕೊಳ್ಳುವವನಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕೆನ್ನಲಿಲ್ಲ. ಅದಕ್ಕೆ ನಂಬರ್ ಹಾಕಬೇಕೆಂದೂ ಹೇಳಲಿಲ್ಲ. ಆಗ ಹಾಗೆ ಮಾಡಿಕೊಳ್ಳುವವರು ಲೇತ್ ಮೆಷಿನ್ ಇಟ್ಟುಕೊಂಡ ಕೆಲವೇ ಕುಶಲಕರ್ಮಿಗಳು. ಕಾಯಿದೆ ಅವರ ಗೊಡವೆಗೆ ಹೋಗಲಿಲ್ಲ, ಅಷ್ಟೆ.

ಆಮೇಲೆ ಬಂದದ್ದು ಕಿಟ್ಟು. ಬಂದೂಕಿನ ಎಲ್ಲ ಭಾಗಗಳಲ್ಲಿ ಫ್ರೇಮ್ ಅಥವಾ ರಿಸೀವರ್ ಎನ್ನುವ ಒಂದು ಭಾಗವನ್ನು ಮಾತ್ರ ಕಾಯಿದೆ 'ಬಂದೂಕು' ಎಂದು ಎಣಿಸುತ್ತದೆ. ನಂಬರ್ ಬೀಳುವುದು ಅದರ ಮೇಲೆ. ಕಚೇರಿಯಲ್ಲಿ ಕಾಗದಕ್ಕೆ ಇನ್ವರ್ಡ್ ನಂಬರ್ ಹಾಕಿದ ಮೇಲೆಯೇ ಅದು ಕಡತಕ್ಕೆ ಸೇರುತ್ತದಲ್ಲವೇ, ಹಾಗೆ. ಆ ಭಾಗವನ್ನು ಸ್ವಲ್ಪ ಅಪೂರ್ಣವಾಗಿ ಬಿಟ್ಟು ಮಾರಿದರೆ ಅದು ಇನ್ನೂ ಬಂದೂಕಲ್ಲ ಎಂಬ ವಾದ ಹುಟ್ಟಿತು. ಇದಕ್ಕೆ 'ಶೇಕಡಾ 80' ಎಂಬ ವ್ಯಾಪಾರದ ಹೆಸರೂ ಬಂತು. ನಂಬರ್ ಇಲ್ಲ, ಕೊಳ್ಳುವವನ ತಪಾಸಣೆ ಇಲ್ಲ, ಪಾರ್ಸೆಲ್ ನೇರ ಮನೆಗೆ. ಜೊತೆಗೆ 2013ರ ಮೇ ತಿಂಗಳಲ್ಲಿ ಟೆಕ್ಸಾಸಿನ ಕೋಡಿ ವಿಲ್ಸನ್ ಎಂಬಾತ ತ್ರೀಡಿ ಪ್ರಿಂಟರಿನಲ್ಲಿ ಮಾಡಬಹುದಾದ 'ಲಿಬರೇಟರ್' ಪಿಸ್ತೂಲಿನ ನಕ್ಷೆಯನ್ನು ಇಂಟರ್ನೆಟ್ಟಿಗೆ ಹಾಕಿದ. ಸರ್ಕಾರ ತೆಗೆಸುವಷ್ಟರಲ್ಲಿ ಎರಡೇ ದಿನದಲ್ಲಿ ಸುಮಾರು ಒಂದು ಲಕ್ಷ ಸಲ ಅದು ಇಳಿದುಹೋಗಿತ್ತು.

ಫಲ ಏನಾಯಿತು? ಅಪರಾಧ ನಡೆದ ಸ್ಥಳಗಳಲ್ಲಿ ಸಿಕ್ಕ, ನಂಬರಿಲ್ಲದ ಇಂಥ 'ದೆವ್ವದ ಬಂದೂಕು'ಗಳನ್ನು ಮೂಲ ಪತ್ತೆಗಾಗಿ ಪೊಲೀಸರು ಕೇಂದ್ರಕ್ಕೆ ಕಳಿಸಿದ್ದು 2017ರಲ್ಲಿ ಸುಮಾರು 1,600. 2021ರಲ್ಲಿ 19,000ಕ್ಕೂ ಹೆಚ್ಚು. 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಅವರ ಕೊಲೆಯಾಯಿತು. ಆ ಪ್ರಕರಣದ ಆರೋಪಿಯ ಬಳಿ ಸಿಕ್ಕ ಪಿಸ್ತೂಲು ತ್ರೀಡಿ ಪ್ರಿಂಟರಿನಲ್ಲಿ ಮಾಡಿದ್ದೆಂದು ಪೊಲೀಸರು ಹೇಳಿದ ಮೇಲೆ ಈ ಮಾತು ಎಲ್ಲರ ಮನೆ ಟಿ.ವಿ.ಗೂ ಬಂತು.

ಹಾಗೆಂದು ಆ ಹವ್ಯಾಸದವರೆಲ್ಲ ಕೊಲೆಗಡುಕರೆಂದು ಬರೆದರೆ ಅದು ಸುಳ್ಳಾಗುತ್ತದೆ. ಹಳೇ ಗಡಿಯಾರ ಬಿಚ್ಚಿ ಜೋಡಿಸುವವರು, ಹಳೇ ರಾಜದೂತ್ ಬೈಕಿಗೆ ಜೀವ ಕೊಡುವವರು ನಮ್ಮಲ್ಲಿಲ್ಲವೇ? ಅದೇ ಸ್ವಭಾವದ ಜನ ಅವರಲ್ಲಿ ಬಹಳ. ನಿವೃತ್ತ ಸೈನಿಕರು, ಮೆಕ್ಯಾನಿಕ್‌ಗಳು, ಬೇಟೆಗೆ ಹೋಗುವ ರೈತರು. ಹೊಸಬ ಬಂದರೆ ಮೊದಲು ಸುರಕ್ಷತೆಯ ಪಾಠ ಹೇಳುವವರು ಅವರಲ್ಲಿದ್ದಾರೆ: ಯಾವ ಬಂದೂಕನ್ನೂ ತುಂಬಿದ ಬಂದೂಕೆಂದೇ ತಿಳಿ, ನಳಿಗೆಯನ್ನು ಮನುಷ್ಯರ ಕಡೆ ತಿರುಗಿಸಬೇಡ, ಗುರಿ ಹಿಡಿಯುವವರೆಗೆ ಬೆರಳು ಕುದುರೆಯ ಮೇಲೆ ಇಡಬೇಡ. ಇವೆಲ್ಲ ಸಾಚಾ ಮಾತು. ಮೊಮ್ಮಗ ಅವರನ್ನು ಒಳ್ಳೆಯವರೆಂದದ್ದರಲ್ಲಿ ತಪ್ಪಿಲ್ಲ.

ತೊಡಕು ಇರುವುದು ಬೇರೆ ಕಡೆ. ಹಿಂದೆ ಈ ವಿದ್ಯೆ ಅಪ್ಪನಿಂದಲೋ ಚಿಕ್ಕಪ್ಪನಿಂದಲೋ ಊರಿನ ಬಂದೂಕು ರಿಪೇರಿಯವನಿಂದಲೋ ಬರುತ್ತಿತ್ತು. ಹೇಳುವವನಿಗೆ ಕೇಳುವವನ ಮನೆತನ ಗೊತ್ತು, ಅವನ ಸಿಟ್ಟು ಗೊತ್ತು, ಕುಡಿತ ಗೊತ್ತು. ಈಗ ಹೊಸಬನ ಹೆಸರೂ ಸುಳ್ಳು, ಸಲಹೆ ಕೊಡುವವನ ಹೆಸರೂ ಸುಳ್ಳು. ಕೇಳುತ್ತಿರುವವನು ಹದಿನಾರರ ಹುಡುಗನೋ, ಹೆಂಡತಿಗೆ ಹೊಡೆದು ಕೋರ್ಟು ಹತ್ತಿದವನೋ, ವೇಷ ಮರೆಸಿಕೊಂಡ ಪೊಲೀಸನೋ ಹಳಬನಿಗೆ ತಿಳಿಯದು. ಹಳಬ ನಿಜವಾಗಿ ಇಪ್ಪತ್ತು ವರ್ಷದ ಅನುಭವಿಯೋ, ಕಳೆದ ತಿಂಗಳು ಸೇರಿದವನೋ ಹೊಸಬನಿಗೆ ತಿಳಿಯದು. ಹಾಗಾಗಿ ಮಾತಿನ ಧಾಟಿ ನೋಡಿ ನಂಬುತ್ತಾರೆ. ಖಚಿತವಾಗಿ ಮಾತಾಡಿದವನೇ ಗುರು. ನಮ್ಮ ವಾಟ್ಸಾಪ್ ಬಳಗಗಳಲ್ಲಿ ಸಕ್ಕರೆ ಕಾಯಿಲೆಗೆ ಔಷಧ ಹೇಳುವವರನ್ನು ನೆನಪಿಸಿಕೊಂಡರೆ ಸಾಕು.

ಆ ನಂಬಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ ಎರಡು ಪ್ರಕರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು 'ಆಟೋ ಕೀ ಕಾರ್ಡ್' ಪ್ರಕರಣ. ಫ್ಲಾರಿಡಾದ ಒಬ್ಬ ವ್ಯಾಪಾರಿ ಒಂದು ಲೋಹದ ಕಾರ್ಡು ಮಾರುತ್ತಿದ್ದ. ಅದರ ಮೇಲೆ ಗೆರೆ ಕೊರೆದಿತ್ತು. ಬಂದೂಕನ್ನು ಮೆಷಿನ್ ಗನ್ ಮಾಡುವ ಒಂದು ಭಾಗದ ಆಕಾರ ಅದು. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ವಿಷಯಕ್ಕೇ ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ಇನ್ನೊಬ್ಬ ಅದಕ್ಕೆ ಜಾಹೀರಾತು ಕೊಟ್ಟ. ನೋಡುವವರು ಅವನನ್ನು ಗುರುವಿನಂತೆ ನಂಬಿದ್ದರು. ಬರೀ ಗೆರೆ ತಾನೇ, ಚಿತ್ರ ತಾನೇ, ವಾಕ್ ಸ್ವಾತಂತ್ರ್ಯ ಎಂಬ ವಾದವನ್ನು ನ್ಯಾಯಾಲಯದಲ್ಲೂ ಹೂಡಿದರು. 2023ರ ಏಪ್ರಿಲ್‌ನಲ್ಲಿ ಜ್ಯೂರಿ ಇಬ್ಬರನ್ನೂ ತಪ್ಪಿತಸ್ಥರೆಂದಿತು. ಆ ಸೆಪ್ಟೆಂಬರ್‌ನಲ್ಲಿ ವ್ಯಾಪಾರಿಗೆ 5 ವರ್ಷ 8 ತಿಂಗಳು, ವಾಹಿನಿಯವನಿಗೆ 5 ವರ್ಷ ಜೈಲು. ಸಲಹೆ ಕೊಟ್ಟವನನ್ನೇ ಅವನ ಸಲಹೆ ಕಾಪಾಡಲಿಲ್ಲ. ಕೇಳಿ ಕೊಂಡವರ ಗತಿ ಏನು?

ಎರಡನೆಯದು 'ಸಾಲ್ವೆಂಟ್ ಟ್ರ್ಯಾಪ್'. ನಳಿಗೆ ಶುಚಿ ಮಾಡುವಾಗ ಎಣ್ಣೆ ಹಿಡಿಯುವ ಡಬ್ಬಿ ಎಂದು ಮಾರುತ್ತಿದ್ದರು. ಅದನ್ನು ಸೈಲೆನ್ಸರ್ ಮಾಡಿಕೊಳ್ಳಬಹುದೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಸೈಲೆನ್ಸರಿಗೆ 1934ರ ಕಾಯಿದೆಯಂತೆ ಮೊದಲೇ ಅನುಮತಿ, ನೋಂದಣಿ ಬೇಕು. ತಪ್ಪಿದರೆ 10 ವರ್ಷದವರೆಗೆ ಜೈಲು. ಡಬ್ಬಿ ಕೊಳ್ಳುವುದಕ್ಕೆ ತೊಂದರೆಯಿಲ್ಲ ಎಂದು ಹಳಬರು ಹೇಳುತ್ತಿದ್ದರು. 2022ರಲ್ಲಿ ಕೊಂಡ ಹಲವರ ಮನೆಗೆ ಎ.ಟಿ.ಎಫ್. ಇಲಾಖೆಯ ಕಾಗದ ಬಂತು: ನೀವು ಕೊಂಡಿರುವುದು ಸೈಲೆನ್ಸರ್, ಒಪ್ಪಿಸಿ. ಮಾರಿದವನ ಪುಸ್ತಕದಲ್ಲಿ ಕೊಂಡವರ ವಿಳಾಸ ಇದ್ದೇ ಇರುತ್ತದಲ್ಲ. ಹಳಬರಿಗೆ ಯಾವ ಕಾಗದವೂ ಬರಲಿಲ್ಲ, ಅವರು ಬರೀ ಮಾತು ಕೊಟ್ಟಿದ್ದರು.

ಇದರ ಮೇಲೆ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಮುಂತಾದೆಡೆ ನಂಬರಿಲ್ಲದ ಬಂದೂಕಿಗೆ ಕಟ್ಟುನಿಟ್ಟು. ಟೆಕ್ಸಾಸಿನವನು "ನಮ್ಮಲ್ಲಿ ನಡೆಯುತ್ತೆ" ಎಂದದ್ದನ್ನು ನ್ಯೂಜೆರ್ಸಿಯ ಹುಡುಗ ನಂಬಿದರೆ ಕೆಟ್ಟ. ಈ ಕಷ್ಟ ಗಡಿಯಲ್ಲಿ ಬದುಕುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತಿಬೆಲೆಯಲ್ಲಿ ನಡೆದದ್ದು ಜೂಜುವಾಡಿಯಲ್ಲಿ ನಡೆಯುವುದಿಲ್ಲ.

ಈಗ ಕೇಂದ್ರದ ಕಾಯಿದೆಯೂ ಬದಲಾಗಿದೆ. ಸುಲಭವಾಗಿ ಬಂದೂಕಾಗಬಲ್ಲ ಕಿಟ್ಟೂ ಬಂದೂಕೇ, ಅದಕ್ಕೂ ನಂಬರ್ ಹಾಕಬೇಕು, ಲೈಸೆನ್ಸ್ ಇದ್ದವನೇ ಮಾರಬೇಕು, ಕೊಳ್ಳುವವನ ಹಿನ್ನೆಲೆ ತಪಾಸಣೆಯಾಗಬೇಕು ಎಂಬ ನಿಯಮ 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅದರ ಮೇಲೆ ದಾವೆ ನಡೆದು, 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ 7-2 ಬಹುಮತದಲ್ಲಿ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗೋರ್ಸಚ್. ಬಂದೂಕು ಹಕ್ಕಿಗೆ ವಿರೋಧಿಯೆಂದು ಅವರನ್ನು ಯಾರೂ ಕರೆಯಲಾರರು. ಎಲ್ಲ ಕಿಟ್ಟೂ ಬರುತ್ತದೆಂದು ಅವರು ಹೇಳಲಿಲ್ಲ, ಕೆಲವನ್ನು ಮುಂದಿನ ವ್ಯಾಜ್ಯಕ್ಕೆ ಬಿಟ್ಟರು. ಪ್ರಿಂಟರಿನಲ್ಲಿ ಮಾಡಿಕೊಳ್ಳುವವನು ಯಾವ ಅಂಗಡಿಯ ಮುಂದೆಯೂ ನಿಲ್ಲಬೇಕಾಗಿಲ್ಲ, ಅದೂ ಹಾಗೇ ಉಳಿದಿದೆ.

ಇನ್ನು ಅಜ್ಜನ ಪ್ರಶ್ನೆಗೆ ಬರುತ್ತೇನೆ. ನನಗೆ ಈ ಎರಡು ವಾರದ ಓದಿನಲ್ಲಿ ಎದೆ ಝಲ್ಲೆಂದದ್ದು ಇಲ್ಲಿಯೇ. ಅಮೆರಿಕದ ಕೇಂದ್ರ ಕಾಯಿದೆಯ 922ನೇ ಕಲಮಿನ ಪ್ರಕಾರ, ವಲಸೆಯಲ್ಲದ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ವಿದ್ಯಾರ್ಥಿಗಳ ಎಫ್-1, ಕೆಲಸದವರ ಎಚ್-1ಬಿ, ಹೆಂಡತಿ ಮಕ್ಕಳ ಎಚ್-4, ನೋಡಲು ಹೋಗುವ ಅಜ್ಜ ಅಜ್ಜಿಯ ಬಿ-2, ಎಲ್ಲವೂ ಇದರೊಳಗೆ. ಆ ದೇಶದ ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡಿನವರಿಗೆ ಈ ನಿಷೇಧವಿಲ್ಲ. ಶಿಕ್ಷೆ 10 ವರ್ಷದವರೆಗೆ ಇದ್ದದ್ದು 2022ರಿಂದ 15 ವರ್ಷದವರೆಗೆ ಆಗಿದೆ. ಗಡೀಪಾರು ಬೇರೆ. ಇಟ್ಟುಕೊಳ್ಳುವುದೆಂದರೆ ಸ್ವಂತದ್ದೇ ಆಗಬೇಕೆಂದಿಲ್ಲ. ಯು.ಎ.ಇ.ಯಿಂದ ಓದಲು ಬಂದಿದ್ದ ರೆಹೈಫ್ ಎಂಬ ವಿದ್ಯಾರ್ಥಿ ಫ್ಲಾರಿಡಾದಲ್ಲಿ ಗುಂಡು ಅಭ್ಯಾಸದ ಜಾಗಕ್ಕೆ ಹೋಗಿ ಗುಂಡು ಹಾರಿಸಿದ್ದ. ಅಷ್ಟರಲ್ಲಿ ಕಾಲೇಜು ಅವನನ್ನು ತೆಗೆದುಹಾಕಿ, ಅವನ ವಾಸ್ತವ್ಯವೇ ಅಕ್ರಮವಾಗಿತ್ತು. ಅದೇ ಕಲಮಿನಲ್ಲಿ ಶಿಕ್ಷೆಯಾಯಿತು. ತನ್ನ ಸ್ಥಿತಿ ಅವನಿಗೆ ಗೊತ್ತಿತ್ತೆಂದು ಸರ್ಕಾರ ರುಜುವಾತು ಮಾಡಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಅಲ್ಲಿಯವರೆಗೆ ಹೋಗಲು ನಮ್ಮಲ್ಲಿ ಯಾರಿಗೆ ಹಣವಿದೆ?

ಗಮನಿಸಬೇಕಾದ ಇನ್ನೊಂದು ಸಂಗತಿ. ಅಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಂಡರೆ 4473 ಎಂಬ ನಮೂನೆ ತುಂಬಬೇಕು. ಅದರಲ್ಲಿ ನೇರವಾಗಿ ಒಂದು ಪ್ರಶ್ನೆಯಿದೆ: ನೀವು ವಲಸೆಯಲ್ಲದ ವೀಸಾದಲ್ಲಿ ಬಂದವರೇ? ಹವ್ಯಾಸದ ಬಳಗಗಳಲ್ಲಿ ಈ ನಮೂನೆಯನ್ನು ಹೀಯಾಳಿಸುವುದು ರೂಢಿ. ಸರ್ಕಾರದ ಗುಮಾಸ್ತರು ನಮ್ಮ ಜೀವನದಲ್ಲಿ ಮೂಗು ತೂರಿಸುವ ಕಾಗದವಂತೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಮೂನೆ ತುಂಬಿಸಿಕೊಂಡೇ ಬದುಕಿದವನಾಗಿ ಒಂದು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಜನ ಬೈಯುವ ಕಾಲಮ್ಮುಗಳು ಬಹಳಷ್ಟು ಸಲ ಯಾರೋ ಒಬ್ಬ ಸಿಕ್ಕಿಬಿದ್ದ ಮೇಲೆ ಸೇರಿಸಿದ ಕಾಲಮ್ಮುಗಳು. ಆ ಹುಡುಗ ಅಂಗಡಿಗೆ ಹೋಗಿದ್ದರೆ ಕಾಗದವೇ ಅವನನ್ನು ತಡೆಯುತ್ತಿತ್ತು. ಅಂಗಡಿ ತಪ್ಪಿಸಿ ಹೋದದ್ದರಿಂದ ಯಾರೂ ತಡೆಯಲಿಲ್ಲ. ಬಳಗದವರಲ್ಲಿ ಬಹುತೇಕರು ಅಲ್ಲೇ ಹುಟ್ಟಿದವರು, ವೀಸಾ ಎಂಬುದು ಅವರ ತಲೆಗೆ ಬರುವ ವಿಷಯವೇ ಅಲ್ಲ. ಮೋಸ ಮಾಡಬೇಕೆಂದು ಅವರು ಬಿಟ್ಟದ್ದಲ್ಲ.

ನಮ್ಮ ದೇಶದ ಮಾತು ಚಿಕ್ಕದು. 1959ರ ಆಯುಧ ಕಾಯಿದೆಯ 5ನೇ ಕಲಮಿನಂತೆ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವಂತಿಲ್ಲ, ಹವ್ಯಾಸಕ್ಕೂ ಇಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಬಿಡಿಭಾಗವೂ ಆಯುಧವೆಂದೇ ವ್ಯಾಖ್ಯೆ. ಆದ್ದರಿಂದ ರಜೆಗೆ ಬರುವ ಮಕ್ಕಳು ನೆನಪಿಗೆಂದು ಯಾವ ಭಾಗವನ್ನೂ ಪೆಟ್ಟಿಗೆಯಲ್ಲಿ ತರಬಾರದು. ಕೊಡವರಿಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ. ವಯನಾಡು, ನೀಲಗಿರಿ, ತಾಳವಾಡಿ, ಕೃಷ್ಣಗಿರಿ ಕಾಡಂಚಿನ ನಮ್ಮವರಿಗೆ ನಾಡಬಂದೂಕಿನ ಕಥೆ ಹೊಸದೂ ಅಲ್ಲ. ಹಂದಿ ಕಾಟಕ್ಕೆ ಹೆದರಿ ಇಟ್ಟುಕೊಂಡು, ಸಿಡಿದು ಕೈ ಕಳೆದುಕೊಂಡವರನ್ನೂ, ಅರಣ್ಯ ಇಲಾಖೆಯ ಕೇಸಿಗೆ ಎತ್ತು ಮಾರಿದವರನ್ನೂ ನೋಡಿದ್ದೇವೆ. ಅವರಿಗೂ ಯಾರೋ ಒಬ್ಬ ಹಳಬ ಏನೂ ಆಗಲ್ಲ ಎಂದೇ ಹೇಳಿದ್ದ.

ಕಲಮುಗಳ ವಿವರವನ್ನು ಅಜ್ಜನಿಗೆ ಕನ್ನಡದಲ್ಲಿ ಬರೆದು ಕಳಿಸಿದೆ. ಅವರು ಮೊಮ್ಮಗನಿಗೆ ಫೋನಿನಲ್ಲಿ ಓದಿ ಹೇಳಿದರಂತೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ಎಷ್ಟೋ ಪ್ರಶ್ನೆ ಕೇಳಿದೆ ತಾತ, ನಿನ್ನ ವೀಸಾ ಯಾವುದು ಅಂತ ಅವರಲ್ಲಿ ಒಬ್ಬರೂ ಕೇಳಲಿಲ್ಲ" ಎಂದನಂತೆ. ಕಿಟ್ಟು ತರಿಸಿರಲಿಲ್ಲ. ಗೆಳೆಯರ ಜೊತೆ ಗುಂಡು ಅಭ್ಯಾಸಕ್ಕೆ ಹೋಗುವುದೆಂದು ಶನಿವಾರ ಗೊತ್ತು ಮಾಡಿದ್ದನಂತೆ, ಅದನ್ನೂ ಬಿಟ್ಟ. ಅವನ ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಇದೆ, ಇಂಥದ್ದನ್ನು ಅಲ್ಲಿ ಕೇಳಬಹುದಿತ್ತೆಂದು ಅವನಿಗೆ ಹೊಳೆದೇ ಇರಲಿಲ್ಲ.

ಮಕ್ಕಳು ಆ ದೇಶದಲ್ಲಿರುವ ಸದಸ್ಯರು ಬೇಕಾದರೆ ಆ ಕನ್ನಡ ಟಿಪ್ಪಣಿಯ ಜೆರಾಕ್ಸ್ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಸಂಜೆ 4ರಿಂದ 6ರವರೆಗೆ ಪಡೆಯಬಹುದು. ಭಾನುವಾರ ಕಚೇರಿಗೆ ರಜೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ