ಗಾರೆಗೂ ಬೇಕು ಒಂದು ಲೇಬಲ್

ಕುವೈತಿನಲ್ಲಿರುವ ನಮಗೆಲ್ಲ ಸುಲೈಬಿಯಾದ ಟೈರು ರಾಶಿಯ ಸುದ್ದಿ ಗೊತ್ತು. ನಾಲ್ಕು ಕೋಟಿಗೂ ಹೆಚ್ಚು ಹಳೆಯ ಟೈರುಗಳು ಮರಳುಗಾಡಿನಲ್ಲಿ ಗುಡ್ಡೆ ಬಿದ್ದಿವೆ ಎಂದು ಪತ್ರಿಕೆಗಳಲ್ಲಿ ಓದಿದ್ದೆವು. 2021ರಲ್ಲಿ ಅವನ್ನು ಸೌದಿ ಗಡಿಯ ಕಡೆಗಿರುವ ಅಲ್ ಸಾಲ್ಮಿಗೆ ಸಾಗಿಸಿದರು. ಟೈರು ಮಣ್ಣಿನಲ್ಲಿ ಕರಗುವುದಿಲ್ಲ, ಬೆಂಕಿ ಹತ್ತಿದರೆ ಬೇಗ ಆರುವುದೂ ಇಲ್ಲ. ಹೀಗಿರುವಾಗ ಅದನ್ನು ಪುಡಿ ಮಾಡಿ, ಮರಳಿನ ಒಂದು ಪಾಲಿನ ಬದಲು ಕಟ್ಟಡದ ಗಾರೆಗೆ ಬೆರೆಸಬಹುದು ಎನ್ನುವುದು ಒಳ್ಳೆಯ ಸುದ್ದಿಯೇ.

ನಾನು ಇಂಜಿನಿಯರ್ ಅಲ್ಲ. ಡಿಪ್ಲೊಮಾ ಮಾಡಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಔಷಧಿ ಕೊಡುವ ಕೆಲಸ ನನ್ನದು. ಆದರೂ ಈ ವಿಷಯ ಎತ್ತಿಕೊಂಡಿದ್ದೇನೆ. ಏಕೆಂದರೆ ನಮ್ಮಲ್ಲಿ ಬಹಳ ಮಂದಿ ಇಲ್ಲಿ ಬಿಸಿಲಿಗೆ ಬೇಯುತ್ತಿರುವುದು ಊರಿನಲ್ಲಿ ಒಂದು ಮನೆ ಕಟ್ಟುವುದಕ್ಕಾಗಿ. ಆ ಮನೆಯ ಗೋಡೆಗೆ ಏನು ಬೆರೆಸುತ್ತಿದ್ದಾರೆ ಎಂದು ನಿಂತು ನೋಡುವ ಭಾಗ್ಯ ನಮಗಿಲ್ಲ. ವಾಟ್ಸಾಪಿನಲ್ಲಿ ಬರುವ ಫೋಟೋದಲ್ಲಿ ಎಲ್ಲ ಗಾರೆಯೂ ಒಂದೇ ಬಣ್ಣ.

ಕಾರ್ಖಾನೆಯ ತ್ಯಾಜ್ಯ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. 'ಯಾರದ್ದೋ ಕಸವನ್ನು ನಮ್ಮ ಗೋಡೆಗೆ ತುಂಬುತ್ತಾರೆ' ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. 1911ರಲ್ಲಿ ಕೆಲಸ ಶುರುವಾದ ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಸುರ್ಕಿ ಎಂದರೆ ಸುಟ್ಟ ಮಣ್ಣಿನ, ಇಟ್ಟಿಗೆಯ ಪುಡಿ. ಅದು ತಾನಾಗಿ ಗಟ್ಟಿಯಾಗುವುದಿಲ್ಲ, ಸುಣ್ಣದ ಜೊತೆ ನೀರಿನಲ್ಲಿ ಸೇರಿದಾಗ ಕಲ್ಲಾಗುತ್ತದೆ. ಶಕ್ತಿನಗರದ ರಾಯಚೂರು ಥರ್ಮಲ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯ ಗುಣವೂ ಇದೇ. ಸಿಮೆಂಟಿಗೆ ನೀರು ಬಿದ್ದಾಗ ಹುಟ್ಟುವ ಸುಣ್ಣವನ್ನು ಹಿಡಿದುಕೊಂಡು ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಿಂದ ಬರುವ ಸ್ಲ್ಯಾಗ್ ಕೂಡ ಪುಡಿಯಾಗಿ ಸಿಮೆಂಟಿಗೆ ಸೇರುತ್ತದೆ. ದುಬೈನ ಬುರ್ಜ್ ಖಲೀಫಾದ ಅಡಿಪಾಯದ ಕಾಂಕ್ರೀಟಿನಲ್ಲೂ ಸಿಮೆಂಟಿನ ಒಂದು ಪಾಲಿನ ಬದಲು ಹಾರುಬೂದಿ ಇದೆ. 'ಬೂದಿ ಸಿಮೆಂಟ್' ಎಂದು ಹೀಯಾಳಿಸುವ ಮೊದಲು ಇದನ್ನು ನೆನೆಯೋಣ.

ಹಾಗಾದರೆ ತಕರಾರು ಎಲ್ಲಿದೆ? ಪ್ರಮಾಣದಲ್ಲಿದೆ. ಔಷಧಿಯ ಕೆಲಸದಲ್ಲಿ ನಾವು ಕಲಿಯುವ ಮೊದಲ ಪಾಠವೇ ಇದು: ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಡ, ಎಷ್ಟು, ಯಾರಿಗೆ, ಯಾವುದರ ಜೊತೆಗೆ ಎಂದು ಕೇಳು.

ಒಂದು ಉದಾಹರಣೆ ಕೊಡುತ್ತೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದವರು ನೆಗಡಿಗೆಂದು ಇನ್ನೊಂದು ಮಾತ್ರೆಯನ್ನೂ ನುಂಗುತ್ತಾರೆ. ಅದರೊಳಗೂ ಪ್ಯಾರಾಸಿಟಮಾಲ್ ಇರುವುದು ಅವರಿಗೆ ಗೊತ್ತಿರುವುದಿಲ್ಲ. ಎರಡು ಡೋಸ್ ಸೇರಿ ಲಿವರಿಗೆ ಪೆಟ್ಟು. ಗಾರೆಯಲ್ಲೂ ಹೀಗೆಯೇ ಆಗಬಹುದು. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಭಾರತೀಯ ಮಾನಕದ ಪ್ರಕಾರ ಶೇ. 15ರಿಂದ 35ರಷ್ಟು ಹಾರುಬೂದಿ ಮೊದಲೇ ಸೇರಿರುತ್ತದೆ. ಅದಕ್ಕೆ ಸೈಟಿನಲ್ಲಿ ಮತ್ತೆ ನಾಲ್ಕು ಬಾಂಡ್ಲಿ ಬೂದಿ ಸುರಿದರೆ ಅದು ಉಳಿತಾಯವಲ್ಲ, ಡಬಲ್ ಡೋಸ್. ಚೀಲದೊಳಗೆ ಬೆರೆಸಿದ್ದಕ್ಕೆ ಲೆಕ್ಕವಿದೆ, ಚೀಲದ ಹೊರಗೆ ಬೆರೆಸಿದ್ದಕ್ಕೆ ಯಾರ ಲೆಕ್ಕವೂ ಇಲ್ಲ.

ಇನ್ನು ಡೋಸ್ ಸರಿಯಿದ್ದರೂ ಕೋರ್ಸ್ ಪೂರ್ತಿ ಮುಗಿಸಬೇಕು. ಹಾರುಬೂದಿ ನಿಧಾನದ ವಸ್ತು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು ಎಂದರೆ, ಬೂದಿ ಬೆರೆತ ಸಿಮೆಂಟಿನದ್ದಕ್ಕೆ ಕನಿಷ್ಠ 10 ದಿನ ಬೇಕು ಎನ್ನುತ್ತದೆ ನಮ್ಮ ಮಾನಕ. ಮೂರನೇ ದಿನಕ್ಕೇ ಪೈಪ್ ಸುತ್ತಿಟ್ಟು ಆಮೇಲೆ ಬಿರುಕು ಬಂತೆಂದು ಬೂದಿಯನ್ನು ಬೈದರೆ, ಆ್ಯಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸಿ ಡಾಕ್ಟರನ್ನು ಬೈದ ಹಾಗೆ.

ಟೈರಿನ ಪುಡಿಯ ಕಥೆ ಬೇರೆ. ಬೂದಿ, ಸ್ಲ್ಯಾಗ್‌ಗಳು ಗಾರೆಯೊಂದಿಗೆ ಕೂಡಿ ಗಟ್ಟಿಯಾಗುತ್ತವೆ. ರಬ್ಬರು ಕೂಡುವುದಿಲ್ಲ, ಮರಳಿನ ಜಾಗದಲ್ಲಿ ಸುಮ್ಮನೆ ಕೂತಿರುತ್ತದೆ. ಅದು ನೀರನ್ನು ದೂರ ತಳ್ಳುವುದರಿಂದ ಸಿಮೆಂಟು ಅದನ್ನು ಗಟ್ಟಿಯಾಗಿ ಹಿಡಿಯಲಾರದು. ಪ್ರಮಾಣ ಹೆಚ್ಚಿದಷ್ಟೂ ಭಾರ ಹೊರುವ ಶಕ್ತಿ ಇಳಿಯುತ್ತದೆ. ಆದರೆ ಗಾರೆ ಹಗುರವಾಗುತ್ತದೆ, ಪೆಟ್ಟು ಬಿದ್ದರೆ ಥಟ್ಟನೆ ಒಡೆಯದೆ ತಡೆದುಕೊಳ್ಳುತ್ತದೆ, ಶಾಖವನ್ನೂ ಸದ್ದನ್ನೂ ಕಡಿಮೆ ದಾಟಿಸುತ್ತದೆ. ಆದ್ದರಿಂದ ಅಂಗಳಕ್ಕೆ ಹಾಸುವ ಬ್ಲಾಕು, ಕಾಲುದಾರಿ, ಭಾರ ಹೊರದ ಅಡ್ಡಗೋಡೆಗಳಿಗೆ ಅದು ಹೊಂದಬಹುದು. ಕಂಬಕ್ಕೆ, ಬೀಮಿಗೆ ಬೇಡ. ಕಣ್ಣಿಗೆ ಬಿಡುವ ಹನಿ ಬೇರೆ, ಕಿವಿಗೆ ಬಿಡುವ ಹನಿ ಬೇರೆ.

ಲೇಬಲ್ ಬೇಕಾಗಿರುವುದು ಮನೆಯ ಯಜಮಾನನಿಗೆ ಮಾತ್ರವಲ್ಲ, ಕಲಸುವ ಕೈಗೂ ಬೇಕು. ಅಂಗೈ ಬಿರಿದು, ಬೆರಳ ಸಂದು ತುರಿಸಿಕೊಂಡು ಮುಲಾಮು ಕೇಳುತ್ತಾ ಬರುವ ಗಾರೆ ಕೆಲಸದ ತಮ್ಮಂದಿರನ್ನು ಕೌಂಟರಿನಲ್ಲಿ ನೋಡುತ್ತಲೇ ಇರುತ್ತೇನೆ. ಹಸಿ ಸಿಮೆಂಟಿನ ಕ್ಷಾರ ಚರ್ಮ ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಅಲರ್ಜಿ ಹುಟ್ಟಿಸುತ್ತದೆ. ಬೂದಿಯ ಸಣ್ಣ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಟೈರಿನಲ್ಲಿ ಗಂಧಕ, ಸತುವು ಇವೆ. ಹೊಸ ವಸ್ತು ಬೆರೆಸುವವರು ಅದರ ಹೆಸರು ಹೇಳದಿದ್ದರೆ ಕೈಗೆ ಗ್ಲೌಸೋ ಮೂಗಿಗೆ ಮಾಸ್ಕೋ ಎಂದು ಕೂಲಿಯಾಳಿಗೆ ತಿಳಿಯುವುದು ಹೇಗೆ? ಎರಡು ರೂಪಾಯಿಯ ಮಾತ್ರೆಯ ಹಾಳೆಯ ಮೇಲೆ ಒಳಗೇನಿದೆ, ಎಷ್ಟಿದೆ, ಯಾವ ಬ್ಯಾಚು, ಯಾವತ್ತಿನವರೆಗೆ ಎಂದು ಅಚ್ಚು ಹಾಕುತ್ತಾರೆ. ಮೂವತ್ತು ಲಕ್ಷದ ಮನೆಯ ಗಾರೆಗೆ ಅಷ್ಟೂ ಬೇಡವೇ?

ಆದ್ದರಿಂದ ಊರಿನಲ್ಲಿ ಮನೆ ಎಬ್ಬಿಸುತ್ತಿರುವ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಗೋಡೆಯ ಫೋಟೋ ಜೊತೆಗೆ ಸಿಮೆಂಟ್ ಚೀಲದ ಫೋಟೋವನ್ನೂ ತರಿಸಿಕೊಳ್ಳಿ. ಯಾವ ಸಿಮೆಂಟು, ಯಾವ ವಾರ ತುಂಬಿದ್ದು ಎಂದು ಅದರ ಮೇಲಿರುತ್ತದೆ. ಸೈಟಿನಲ್ಲಿ ಬೇರೇನು ಬೆರೆಸುತ್ತೀರಿ, ಎಷ್ಟು ಬಾಂಡ್ಲಿಗೆ ಎಷ್ಟು, ಯಾವ ಭಾಗಕ್ಕೆ ಎಂದು ಮೇಸ್ತ್ರಿಯಿಂದ ಬರೆಸಿಕೊಳ್ಳಿ. ಎಷ್ಟು ದಿನ ನೀರು ಹಾಕಿದರು ಎಂದು ಮನೆಯವರನ್ನು ಕೇಳಿ. ಬೂದಿಯೋ ಸ್ಲ್ಯಾಗೋ ರಬ್ಬರೋ, ಲೆಕ್ಕ ಹೇಳಿ ಬೆರೆಸುವವರಿಗೆ ಧಾರಾಳವಾಗಿ ಒಪ್ಪಿಗೆ ಕೊಡಿ. 'ಅದೆಲ್ಲ ನಿಮಗ್ಯಾಕೆ ಸ್ವಾಮಿ, ನಾವು ನೋಡ್ಕೋತೀವಿ' ಎನ್ನುವವರಿಗೆ ಮುಂದಿನ ಕಂತು ಕಳಿಸುವ ಮೊದಲು ಒಬ್ಬ ಇಂಜಿನಿಯರನ್ನು ಸೈಟಿಗೆ ಕಳಿಸಿ.