ಶಾಸನಕ್ಕೆ ಸುಣ್ಣ ಬಳಿಯೋರು

ಹಳೇ ರೇಸಿಂಗ್ ಸೈಕಲ್ ಕೊಂಡ ನಮ್ಮ ಗೆಳೆಯರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಅದನ್ನು ಪೌಡರ್ ಕೋಟಿಂಗ್‌ಗೆ ಕೊಡೋದು. ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಮಿರಮಿರ ಮಿಂಚೋ ಬಣ್ಣ ಹೊಡೆಸಿ, ಆನ್‌ಲೈನಲ್ಲಿ ತರಿಸಿದ ಸ್ಟಿಕರ್ ಅಂಟಿಸಿ ಫೋಟೋ ಹಾಕ್ತಾರೆ. ಕೆಳಗೆ ‘ರಿಸ್ಟೋರ್ಡ್’ ಅಂತ ಒಂದು ಪದ. ಕ್ಷಮಿಸಿ, ಇದು ರಿಸ್ಟೋರೇಷನ್ ಅಲ್ಲ, ಸಾಕ್ಷ್ಯನಾಶ.

ಕೋಪ ಬಂತಾ? ಸ್ವಲ್ಪ ತಾಳಿ. 1970ರ ದಶಕದ ಒಂದು ಇಂಗ್ಲೆಂಡಿನ ಸೈಕಲ್ಲನ್ನೇ ತಗೊಳ್ಳಿ. ಅದು ಯಾವ ವರ್ಷದ್ದು ಅಂತ ಹೇಗೆ ಹೇಳ್ತೀರಿ? ಫ್ರೇಮ್ ನಂಬರ್ ಇರುತ್ತೆ, ಆದರೆ ಒಬ್ಬೊಬ್ಬ ತಯಾರಕನದು ಒಂದೊಂದು ಲೆಕ್ಕ. ಹಾಗಾಗಿ ಸೈಕಲ್ಲಿನ ಮೈಯನ್ನೇ ಓದಬೇಕು. ಇಟಲಿಯ ಕಾಂಪಾನ್ಯೋಲೋ ಕಂಪನಿಯ ನುವೋ ರೆಕಾರ್ಡ್ ಡಿರೈಲರ್ ಇದ್ದರೆ, ಅದರ ಮೇಲೆ ‘ಪೇಟೆಂಟ್ 74’ ಅನ್ನೋ ಥರ ಎರಡಂಕಿ ಇರುತ್ತೆ. ಅದು ಆ ಭಾಗ ತಯಾರಾದ ವರ್ಷ. ಶಿಮಾನೋ ಭಾಗಗಳಲ್ಲಿ ಎರಡು ಅಕ್ಷರ: ಮೊದಲನೆಯದು ವರ್ಷ, ಎರಡನೆಯದು ತಿಂಗಳು. ‘ಎ’ ಅಂದ್ರೆ 1976. ‘ಸಿ ಎಫ್’ ಅಂತಿದ್ರೆ 1978ರ ಜೂನ್. ಹಿಂದಿನ ಚಕ್ರ ಕೂರೋ ಜಾಗ 120 ಮಿ.ಮೀ. ಅಗಲ ಇದ್ದರೆ ಸಾಮಾನ್ಯವಾಗಿ ಐದು ಗೇರಿನ ಕಾಲದ್ದು, 126 ಇದ್ದರೆ ಅದರ ನಂತರದ್ದು.

ಆದರೆ ಡಿರೈಲರ್ ಯಾರೋ ಆಮೇಲೆ ಬದಲಾಯಿಸಿರಬಹುದು, ಹಬ್ಬೂ ಅಷ್ಟೇ. ಫ್ರೇಮಿನ ಜೊತೆಗೇ ಹುಟ್ಟಿದ್ದು ಮೂರು: ಬಣ್ಣ, ಸ್ಟಿಕರ್, ನಂಬರ್. ರೆನಾಲ್ಡ್ಸ್ 531 ಟ್ಯೂಬ್ 1935ರಲ್ಲಿ ಬಂದು ದಶಕಗಟ್ಟಲೆ ಓಡಿತು. ಬರೀ ‘531’ ಅಂದ್ರೆ ಏನೂ ಗೊತ್ತಾಗಲ್ಲ. ಆ ಸ್ಟಿಕರಿನ ವಿನ್ಯಾಸ ಕಾಲಕಾಲಕ್ಕೆ ಬದಲಾಗಿದ್ದರಿಂದ ಗೊತ್ತಾಗುತ್ತೆ. ಸ್ಯಾಂಡ್‌ಬ್ಲಾಸ್ಟ್ ಮಾಡಿದ್ರೆ ಬಣ್ಣ, ಸ್ಟಿಕರ್ ಎರಡೂ ಮಾಯ. ದಪ್ಪ ಕೋಟಿಂಗ್ ಕೂತರೆ ನಂಬರೂ ಮುಚ್ಚಿಹೋಗುತ್ತೆ.

ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಾಗ ಲಾಗ್‌ಗಳನ್ನೆಲ್ಲ ಅಳಿಸಿ ‘ಫಿಕ್ಸ್ ಆಯ್ತು ಸಾರ್’ ಅನ್ನೋ ಹುಡುಗನನ್ನು ನಿಮ್ಮ ಟೀಮಲ್ಲಿ ಇಟ್ಕೋತೀರಾ? ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಅಂತ ಶಾಸನದ ಕಲ್ಲಿಗೂ ವೀರಗಲ್ಲಿಗೂ ಸುಣ್ಣ ಬಳಿದುಬಿಡ್ತಾರೆ. ಅದನ್ನು ನೋಡಿ ‘ಛೆ, ಇತಿಹಾಸ ಪ್ರಜ್ಞೆ ಇಲ್ಲದ ಜನ’ ಅಂತ ಬೈಯೋರು ನಾವೇ. ಆ ಜನ ಭಕ್ತಿಯಿಂದ ಬಳಿದರು. ನಾವು ಲೈಕಿಗಾಗಿ ಬಳೀತೀವಿ.

‘ನನ್ನ ದುಡ್ಡು, ನನ್ನ ಸೈಕಲ್, ನಿಮಗೇನ್ರೀ ತೊಂದರೆ?’ ಅನ್ನಬಹುದು. ತೊಂದರೆ ನನಗಲ್ಲ, ನಿಮ್ಮಿಂದ ಅದನ್ನು ಕೊಳ್ಳೋನಿಗೆ. ಮೇಲೆ ಥಳುಕು, ಒಳಗೆ ಹುಳುಕು. ಹೊಸ ಬಣ್ಣದಡಿ ಬಿರುಕಿದೆಯೋ, ಗುದ್ದಿಸಿ ನೆಟ್ಟಗೆ ಮಾಡಿದ ಗುರುತಿದೆಯೋ ಅವನಿಗೆ ಕಾಣಲ್ಲ. ‘1972ರ ಮಾಡೆಲ್’ ಅಂತ ನೀವು ಹೇಳಿದ್ದನ್ನು ನಂಬಿ ದುಡ್ಡು ಕೊಡಬೇಕು. ವರ್ಷಕ್ಕೆ ಬೆಲೆಯೂ ಇದೆ, ಕೆಲಸವೂ ಇದೆ. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೀತಿರೋ ‘ಲೆರೋಯಿಕಾ’ ಸವಾರಿಯ ನಿಯಮ ನೋಡಿ: ಸೈಕಲ್ 1987ಕ್ಕಿಂತ ಹಿಂದಿನ ಕಾಲದ್ದಿರಬೇಕು, ಗೇರ್ ಲಿವರ್ ಫ್ರೇಮಿನ ಕೆಳಗಿನ ಟ್ಯೂಬಿನ ಮೇಲಿರಬೇಕು, ಬ್ರೇಕ್ ಕೇಬಲ್ ಹೊರಗೆ ಕಾಣಬೇಕು. ಅಲ್ಲಿ ಆ ಮುದಿ ಸೈಕಲ್‌ಗಳು ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸುತ್ತವೆ. ನಮ್ಮಲ್ಲಿ ಕಾಫಿ ಶಾಪಿನ ಗೋಡೆಗೆ ನೇತುಬೀಳುತ್ತವೆ.

ಹಾಗಾದ್ರೆ ಏನೂ ಮುಟ್ಟಬಾರದಾ? ಖಂಡಿತ ಮುಟ್ಟಿ. ಹಬ್, ಪೆಡಲ್, ಹ್ಯಾಂಡಲ್ ಬಿಚ್ಚಿ, ಗಟ್ಟಿಯಾದ ಹಳೇ ಗ್ರೀಸ್ ತೊಳೆದು, ಸವೆದ ಬೇರಿಂಗ್ ಗುಂಡು ಬದಲಾಯಿಸಿ. ಕೇಬಲ್, ಬ್ರೇಕ್ ರಬ್ಬರ್, ಟೈರ್ ಹೊಸದು ಹಾಕಿ. ಇಂಗ್ಲೆಂಡಿನ ಫ್ರೇಮಲ್ಲಿ ಬಾಟಮ್ ಬ್ರಾಕೆಟ್ಟಿನ ಬಲಗಡೆ ಕಪ್ಪಿನದು ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಬಲ ಹಾಕಿದ್ರೆ ಥ್ರೆಡ್ಡೇ ಹೋಗುತ್ತೆ. ಮೇಲ್ಮೈ ತುಕ್ಕನ್ನು ಎಣ್ಣೆ ಹಚ್ಚಿ ನಯವಾಗಿ ಉಜ್ಜಿ, ವ್ಯಾಕ್ಸ್ ಹಾಕಿ. ಇದೆಲ್ಲ ಫೋಟೋದಲ್ಲಿ ಕಾಣಲ್ಲ. ಪೆಡಲ್ ತುಳಿದಾಗ ಕಾಲಿಗೆ ಗೊತ್ತಾಗುತ್ತೆ.

ತುಕ್ಕು ಟ್ಯೂಬನ್ನೇ ತಿಂದಿದ್ದರೆ, ಬೆಸುಗೆ ಹಾಕಲೇಬೇಕಿದ್ದರೆ ಬಣ್ಣ ಹೊಡೆಸಿ, ಯಾರೂ ಬೇಡ ಅನ್ನಲ್ಲ. ಆದರೆ ಪೇಂಟಿಂಗ್ ಅಂಗಡಿಗೆ ಫೋನ್ ಮಾಡೋಕೆ ಮುಂಚೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಟಾರ್ಚ್ ಹಿಡಿದು ನಂಬರ್ ಬರ್ಕೊಳ್ಳಿ. ಒಂದೊಂದು ಸ್ಟಿಕರಿಗೂ ಒಂದೊಂದು ಫೋಟೋ ತೆಗೀರಿ. ಆಮೇಲೆ ಯೋಚನೆ ಮಾಡಿ, ನಿಜಕ್ಕೂ ಬಣ್ಣ ಬೇಕಾ ಅಂತ.