ಯಾರೋ ಉಣ್ತಾರೆ, ನಾನು ನೋಡ್ತೀನಿ

ಮಡಿಕೇರಿಯಲ್ಲಿ ಜಡಿಮಳೆ. ವರ್ಕ್ ಫ್ರಂ ಹೋಮ್ ಮುಗಿಸಿ ರಾತ್ರಿ ತಟ್ಟೆ ಹಿಡಿದು ರೂಮಿಗೆ ಹೋದರೆ, ಮೊಬೈಲಲ್ಲಿ ಯಾರೋ ಕಡಂಬುಟ್ಟು, ಪಂದಿಕರಿ ಬಾರಿಸೋದನ್ನ ನೋಡ್ತಾ ಕೂರ್ತೀನಿ. ಊಟ ಮುಗಿದರೂ ನೋಡೋದು ಮುಗಿಯಲ್ಲ.

ಈ ‘ಮುಕ್‌ಬಾಂಗ್’ 2010ರ ಆಸುಪಾಸಿನಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾಯ್ತು. ಹೆಸರಿನ ಅರ್ಥವೇ ‘ತಿನ್ನುವ ಪ್ರಸಾರ’. ಒಂಟಿಯಾಗಿ ಉಣ್ಣುವವರಿಗೆ ಅದೊಂದು ಜೊತೆ. ಆದರೆ ನೋಡಿದರೆ ಬಾಯಲ್ಲಿ ನೀರೂರುತ್ತೆ, ಹೊಟ್ಟೆಗೇನೂ ಬೀಳಲ್ಲ. ಹಾಗಾಗಿ ಬೆರಳು ಮುಂದಿನ ವಿಡಿಯೊ ಹುಡುಕುತ್ತೆ.

ಮೊನ್ನೆ ಅಮ್ಮ ಕೇಳಿದರು: “ಊರವರೆಲ್ಲ ಉಣ್ಣೋದು ನೋಡ್ತೀಯ. ನಾನು ಉಂಡೆನಾ ಅಂತ ನೋಡಿದ್ಯಾ?”

ನನ್ನ ಹತ್ರ ಉತ್ತರವಿರಲಿಲ್ಲ. ಒಂಟಿಯಾಗಿ ಉಣ್ಣುತ್ತಿದ್ದವರು ಅಡುಗೆಮನೆಯಲ್ಲೇ ಇದ್ದರು.

ಈಗ ಊಟದ ಹೊತ್ತಿಗೆ ಫೋನ್ ರೂಮಲ್ಲಿ, ನಾನು ಅಮ್ಮನ ಎದುರು. ಚಪಲ ಪೂರ್ತಿ ಹೋಗಿಲ್ಲ. ಆದರೆ ಅಕ್ಕಿರೊಟ್ಟಿಯ ರುಚಿ ಗೊತ್ತಾಗ್ತಿದೆ.